ಬೀಜ ಹಾಕಿ ಸಾಕಿದ ದನಿ

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರನ್ನು ಎಲ್ಲರೂ ಬಹುಮಾನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ವಿದ್ಯಾರ್ಥಿಗಳು. ನಾಳೆ ಮಕ್ಕಳಿಗೆ ಪಾಠ ಹೇಳಬೇಕಾದ ಅವರಿಗೆ ಮೇಷ್ಟ್ರು ಕಲಿಕೆಯ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಮಗು ಯಾಕೆ ಹಟ ಮಾಡುತ್ತದೆ, ಬೆಕ್ಕು ಯಾಕೆ ಸುತ್ತಿ ಸುತ್ತಿ ಅಡಿಗೆಮನೆಗೇ ಬರುತ್ತದೆ ಎಂದು ಯಾರು ಏನೇ ಕೇಳಲಿ, ಅವರದು ಒಂದೇ ಮರುಪ್ರಶ್ನೆ: "ಅದರಿಂದ ಅದಕ್ಕೆ ಸಿಗೋ ಬಹುಮಾನ ಏನು, ಅದನ್ನ ಮೊದಲು ಹುಡುಕಿ."

"ನಮ್ಮ ಪ್ರಾಂಶುಪಾಲರು ಪ್ರತಿ ಸಭೆಯಲ್ಲೂ ಅದೇ ಜೋಕ್ ಹೇಳ್ತಾರಲ್ಲ ಸರ್, ಅವರಿಗೇನು ಬಹುಮಾನ?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ್ದ.

"ನೀವು ನಗ್ತೀರಲ್ಲ, ಅದೇ. ಒಂದು ವರ್ಷ ಯಾರೂ ನಗಬೇಡಿ, ತಾನಾಗೇ ನಿಲ್ಲಿಸ್ತಾರೆ."

"ಆಮೇಲೆ ನಮ್ಮ ಮಾರ್ಕ್ಸು?"

"ಅದು ನಿಮ್ಮ ಬಹುಮಾನ. ಅದಕ್ಕೇ ಅಲ್ವಾ ನಗ್ತಿರೋದು."

ಅವರ ಶಾಸ್ತ್ರ ಅಷ್ಟು ಸರಳವಾಗಿತ್ತು. ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಯಾರೂ ಕಂಡಿಲ್ಲ. ಮಾಡಿದ್ದು ಮಾತ್ರ ಕಾಣುತ್ತದೆ. ಮಾಡಿದ್ದರ ಬೆನ್ನಿಗೆ ಒಳ್ಳೆಯದೇನಾದರೂ ಬಂದರೆ ಆ ಕೆಲಸ ಉಳಿದುಕೊಳ್ಳುತ್ತದೆ, ಏನೂ ಬರದಿದ್ದರೆ ಸೊರಗಿ ಆರಿಹೋಗುತ್ತದೆ. ಗಂಟೆ ಬಾರಿಸಿ ಅನ್ನ ಇಟ್ಟರೆ ನಾಯಿ ಗಂಟೆಗೇ ಜೊಲ್ಲು ಸುರಿಸಲು ಕಲಿಯುತ್ತದೆ, ಅನ್ನವಿಲ್ಲದೆ ಗಂಟೆಯನ್ನಷ್ಟೇ ಬಾರಿಸುತ್ತ ಹೋದರೆ ಮರೆಯುತ್ತದೆ. ಪ್ರೀತಿ, ದುಃಖ ಇಂಥ ಪದಗಳು ಬಂದಾಗ ಅವರು ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದರು. ಕಪ್ಪುಹಲಗೆಯ ಮೇಲೆ ಅವನ್ನು ಬರೆಯಬಹುದು, ತೋರಿಸಲಾಗುವುದಿಲ್ಲ ಎನ್ನುತ್ತಿದ್ದರು. ಹಾಗೆಂದು ಅವರು ಕಲ್ಲೆದೆಯವರಲ್ಲ. ಪಾಠದ ಹೊರಗೆ ಅವರಿಗೆ ಮಾತು ಬರುತ್ತಿರಲಿಲ್ಲ, ಅಷ್ಟೇ.

ಮನೆ ಒಂದು ಕಿರಿದಾದ ಬೀದಿಯಲ್ಲಿ, ಮಹಡಿಯ ಮೇಲೆ. ಎರಡು ಕೋಣೆ, ಒಂದು ಅಡಿಗೆಮನೆ. ಕೆಳಗೆ ಕೂದಲು ಕತ್ತರಿಸುವ ಅಂಗಡಿ. ಅದನ್ನು ನಡೆಸುವ ಹೆಂಗಸನ್ನು ಬೀದಿಯವರೆಲ್ಲ ಕತ್ತರಿಯಮ್ಮ ಎನ್ನುತ್ತಿದ್ದರು, ಅವರ ಬಾಯಿಯೂ ಕತ್ತರಿಯಷ್ಟೇ ಚುರುಕು. ಮೇಷ್ಟ್ರ ಹೆಂಡತಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹಾಸಿಗೆ ಹೊದಿಕೆಗಳನ್ನು ಹೊಲಿಯುತ್ತಿದ್ದವರು. ಹತ್ತಿಯ ನವಿರು ಗಂಟಲಿಗೆ ಹೊಕ್ಕು, ಯಾವ ಮಾತಿಗೂ ಮೊದಲು ಸಣ್ಣಗೆ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಮನೆಯಲ್ಲೇ ಉಳಿದರು. ಮಕ್ಕಳಿರಲಿಲ್ಲ. ಊರು ಬಿಟ್ಟು ಹೊರಟಿದ್ದ ದಾದಿಯೊಬ್ಬಳು ಕೊಟ್ಟುಹೋದ ಬೂದು ಬಣ್ಣದ ಗಿಳಿಯೊಂದಿತ್ತು. ಅದಕ್ಕೆ ಅವರು ದೊರೆ ಎಂದು ಹೆಸರಿಟ್ಟಿದ್ದರು. ದೊರೆ ಅವರ ಭುಜದ ಮೇಲೆ ಕುಳಿತು ಕಿವಿಯನ್ನು ಕೊಕ್ಕಿನಿಂದ ಮೃದುವಾಗಿ ಸವರುತ್ತಿತ್ತು. ಮೇಷ್ಟ್ರನ್ನು ಕಂಡರೆ ಕಚ್ಚುತ್ತಿತ್ತು.

ಮೇಷ್ಟ್ರು ಸಂಜೆ ಒಳಗೆ ಬಂದು ಚಿಲಕ ಹಾಕಿದೊಡನೆ ಅಡಿಗೆಮನೆಯಿಂದ ಒಂದು ಕೆಮ್ಮು, ಹಿಂದೆಯೇ "ಬಂದ್ರಾ?" ಎಂಬ ದನಿ. ಕೊನೆಯಲ್ಲಿ ಸ್ವಲ್ಪ ಎಳೆದು, ಮೇಲಕ್ಕೆತ್ತಿ ಬಿಡುವ ದನಿ. ಸ್ವಲ್ಪ ದಿನಗಳಲ್ಲಿ ಅದು ಎರಡು ಸಲ ಕೇಳತೊಡಗಿತು, ಒಮ್ಮೆ ಹೆಂಡತಿಯಿಂದ, ಒಮ್ಮೆ ಪಂಜರದಿಂದ. ಯಾವುದು ಯಾರದು ಎಂದು ಗುರುತು ಹಿಡಿಯುವುದು ಕಷ್ಟವಾಗಿತ್ತು.

"ಇದಕ್ಕೆ ಏನು ಕೊಟ್ಟು ಕಲಿಸಿದೆ?" ಎಂದು ಮೇಷ್ಟ್ರು ಕೇಳಿದ್ದರು.

"ಏನೂ ಕೊಡಲಿಲ್ಲ. ಅದಕ್ಕೆ ಮಾತಾಡೋಕೆ ಇಷ್ಟ."

"ಇಷ್ಟ ಅಂತ ಏನೂ ಇಲ್ಲ. ಅದು ಏನಾದ್ರೂ ಅಂದಾಗ ನೀನು ತಿರುಗಿ ನೋಡ್ತೀಯ, ನಗ್ತೀಯ, ಉತ್ತರ ಕೊಡ್ತೀಯ. ಅದೇ ಅದರ ಬಹುಮಾನ."

"ಇರಲಿ ಬಿಡಿ. ಅದಕ್ಕಾದ್ರೂ ಸಿಗುತ್ತಲ್ಲ," ಎಂದು ಹೆಂಡತಿ ತಟ್ಟೆ ಇಟ್ಟರು. ಮೇಷ್ಟ್ರು ಅಷ್ಟರಲ್ಲಿ ಪುಸ್ತಕ ತೆರೆದಾಗಿತ್ತು.

ಒಂದು ಬೆಳಿಗ್ಗೆ ಹೆಂಡತಿ ಎದೆ ಹಿಡಿದುಕೊಂಡು ಅಡಿಗೆಮನೆಯ ನೆಲಕ್ಕೆ ಕುಸಿದರು. ತಾವೇ ವರ್ಷಗಟ್ಟಲೆ ಹೊಲಿದಿದ್ದ ಆಸ್ಪತ್ರೆಯ ಹೊದಿಕೆಗಳಲ್ಲೇ ಒಂದರ ಕೆಳಗೆ ಮಲಗಿದ್ದವರು ಮತ್ತೆ ಏಳಲಿಲ್ಲ. ಮನೆ ತುಂಬ ಜನ ಬಂದರು, ಹೋದರು. ಅಷ್ಟು ದಿನ ದೊರೆ ತುಟಿಪಿಟಕ್ಕೆನ್ನಲಿಲ್ಲ. ಪಂಜರದ ಮೂಲೆಗೆ ಮುಖ ಮಾಡಿ ಕುಳಿತಿತ್ತು. ಮೇಷ್ಟ್ರ ಅಕ್ಕ ಎಲ್ಲರಿಗಿಂತ ಕೊನೆಗೆ ಹೊರಟರು. ಅವರನ್ನು ಬಸ್ಸಿಗೆ ಹತ್ತಿಸಿ, ಮೇಷ್ಟ್ರು ಮನೆಗೆ ಬಂದು ಚಿಲಕ ಹಾಕಿದರು.

ಒಳಗಿನಿಂದ ಸಣ್ಣ ಕೆಮ್ಮು. "ಬಂದ್ರಾ?"

ಅವರ ಎದೆ ಧಸಕ್ಕೆಂದಿತು. ಕಾಲು ತಾನಾಗೇ ಅಡಿಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಿತು. ಆಮೇಲೆ ತಿಳಿಯಿತು. ತಿಳಿದ ಮೇಲೂ ಅವರು ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದರು, ಇನ್ನೊಮ್ಮೆ ಅನ್ನಬಹುದೇ ಎಂದು.

ವಿಷಯ ತಿಳಿದ ಅಕ್ಕ ಫೋನ್ ಮಾಡಿದರು. "ಯಾರಿಗಾದ್ರೂ ಕೊಟ್ಟುಬಿಡೋ ಅದನ್ನ. ಹೋದವಳ ದನಿ ಕೇಳ್ಕೊಂಡು ಹೇಗೆ ಇರ್ತೀಯ?"

"ಅದೊಂದೇ ಉಳಿದಿರೋದು ಅಕ್ಕ."

"ಫೋಟೋ ಇದೆಯಲ್ಲ."

"ಫೋಟೋ ಮಾತಾಡಲ್ಲ."

ಹೆಂಡತಿಯ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅವರು ಹಾಡಿದವರಲ್ಲ, ಭಾಷಣ ಮಾಡಿದವರಲ್ಲ. ಅವರ ಮಾತನ್ನು ಹಿಡಿದಿಡಬೇಕೆಂದು ಯಾರಿಗೂ, ಗಂಡನಿಗೂ, ಹೊಳೆದಿರಲಿಲ್ಲ. ಉಳಿದದ್ದು ಒಂದು ಹಕ್ಕಿಯ ಗಂಟಲಿನಲ್ಲಿ ಮಾತ್ರ. ಮೇಷ್ಟ್ರಿಗೆ ಹೆದರಿಕೆ ಹುಟ್ಟಿದ್ದು ಅಲ್ಲಿಂದ. ಬೇರೆ ಯಾರಾದರೂ ಆಗಿದ್ದರೆ ಹಕ್ಕಿಯನ್ನು ಅದರ ಪಾಡಿಗೆ ಬಿಟ್ಟು, ಅಂದಾಗ ಕೇಳಿ ಸುಮ್ಮನಿರುತ್ತಿದ್ದರು. ಇವರು ಸುಮ್ಮನಿರಲಾರದಷ್ಟು ಓದಿದ್ದರು. ತಿರುಗಿ ನೋಡುವವಳು, ನಗುವವಳು ಇಲ್ಲ. ಬಹುಮಾನವಿಲ್ಲದ ಮಾತು ಆರಿಹೋಗಲೇಬೇಕು. ಆರದಂತೆ ಮಾಡುವ ದಾರಿ ಅವರಿಗೆ ಬಾಯಿಪಾಠವಾಗಿತ್ತು.

ಸೂರ್ಯಕಾಂತಿ ಬೀಜ ತಂದರು. ದೊರೆ "ಬಂದ್ರಾ?" ಎಂದೊಡನೆ, ಒಂದು ಉಸಿರೂ ತಡಮಾಡದೆ, ಕಂಬಿಯ ನಡುವೆ ಒಂದು ಬೀಜ. ಹಕ್ಕಿ ಮೊದಲು ಅನುಮಾನದಿಂದ ನೋಡಿತು, ಬೆರಳು ಕಚ್ಚಿತು, ಆಮೇಲೆ ಬೀಜ ತಗೊಂಡಿತು. ಮರುದಿನ ಚಿಲಕದ ಸದ್ದಿಗೂ ಅಂದಿತು, ಚಹಾ ಕುದಿಯುವಾಗಲೂ ಅಂದಿತು. ಎರಡಕ್ಕೂ ಬೀಜ ಸಿಕ್ಕಿತು. ಕಾಲೇಜಿನಲ್ಲಿ ಎಂದೂ ನಗದ ಮೇಷ್ಟ್ರು ಆ ದಿನಗಳಲ್ಲಿ ಮುಗುಳ್ನಗುತ್ತ ತರಗತಿಗೆ ಬರುತ್ತಿದ್ದರಂತೆ.

ಪದ್ಧತಿ ಕೆಲಸ ಮಾಡಿತು. ಬೇಕಾದ್ದಕ್ಕಿಂತ ಹೆಚ್ಚೇ ಮಾಡಿತು. ಮೇಷ್ಟ್ರ ಕೈ ಕಂಡರೆ "ಬಂದ್ರಾ". ಅಂಗಿಯ ಜೇಬು ಕಂಡರೆ "ಬಂದ್ರಾ". ಅವರು ಹಲ್ಲುಜ್ಜುವಾಗ, ಉಣ್ಣುವಾಗ, ಉತ್ತರಪತ್ರಿಕೆ ತಿದ್ದುವಾಗ "ಬಂದ್ರಾ, ಬಂದ್ರಾ, ಬಂದ್ರಾ". ಬೀಜ ಸಿಗುತ್ತಿದ್ದದ್ದು ಆ ಪದಕ್ಕೆ. ಆದ್ದರಿಂದ ಬೀಜ ತರದ ಭಾಗವೆಲ್ಲ ಒಂದೊಂದಾಗಿ ಉದುರಿಹೋಯಿತು. ಮೊದಲು ಕೆಮ್ಮು ಹೋಯಿತು. ಆಮೇಲೆ ಕೊನೆಯಲ್ಲಿ ಎಳೆದು ಮೇಲಕ್ಕೆತ್ತುವುದು ಹೋಯಿತು. ಕೊನೆಗೆ ಉಳಿದದ್ದು ಚಿಕ್ಕದಾದ, ಅವಸರದ, ಒಂದೇ ಸಮನಾದ ಕೂಗು.

ಒಂದು ದಿನ ಮೇಷ್ಟ್ರು ಮೆಟ್ಟಿಲಿಳಿಯುವಾಗ ಕತ್ತರಿಯಮ್ಮ ಅಂಗಡಿಯ ಬಾಗಿಲಲ್ಲಿ ಕೂದಲು ಗುಡಿಸುತ್ತಿದ್ದರು.

"ಮೇಷ್ಟ್ರೇ, ಒಂದು ಮಾತು. ತಪ್ಪು ತಿಳ್ಕೋಬೇಡಿ."

"ಹೇಳಿ."

"ಮೊದಮೊದಲು ಆ ದನಿ ಕೆಳಗೆ ಕೇಳಿಸಿದಾಗ ಕತ್ತರಿ ಜಾರಿಬಿಟ್ಟಿತ್ತು. ಒಬ್ಬರ ಕಿವಿ ಕುಯ್ದುಬಿಡ್ತಿದ್ದೆ. ಎಷ್ಟು ವರ್ಷದ ಗೆಳತಿ ನನಗೆ. ಈಗ ದಿನವಿಡೀ ಕೇಳ್ತೀನಿ. ಏನೂ ಅನ್ಸಲ್ಲ ಮೇಷ್ಟ್ರೇ. ಯಾರೋ ಗಾಡಿ ಮೇಲೆ ಏನೋ ಮಾರ್ಕೊಂಡು ಹೋದ ಹಾಗೆ."

ಮೇಷ್ಟ್ರು "ಹೌದಾ" ಎಂದು ಕೊಡೆ ಬಿಚ್ಚಿ ನಡೆದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಅಂದಿನ ಪಾಠ ನಾಯಿಯದೇ ಆಗಿತ್ತು. ಅನ್ನವಿಲ್ಲದೆ ಗಂಟೆ ಬಾರಿಸುತ್ತ ಹೋದರೆ ಜೊಲ್ಲು ಹೇಗೆ ಕಡಿಮೆಯಾಗುತ್ತ ಬರುತ್ತದೆ ಎಂದು ಕಪ್ಪುಹಲಗೆಯ ಮೇಲೆ ಇಳಿಜಾರಿನ ಗೆರೆ ಎಳೆಯುತ್ತಿದ್ದವರು ಅರ್ಧಕ್ಕೇ ನಿಂತರು. ಕತ್ತರಿಯಮ್ಮನಿಗೆ ಮಾತ್ರವಲ್ಲ, ತಮಗೂ ಏನೂ ಅನ್ನಿಸುತ್ತಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಆ ದನಿಗೆ ಎದೆ ಧಸಕ್ಕೆಂದು ಎಷ್ಟು ದಿನವಾಯಿತು. ದನಿ ಬರುತ್ತದೆ, ಹಿಂದೆ ಅವಳು ಬರುವುದಿಲ್ಲ. ಬೀಜ ಹಾಕಿ ಹಾಕಿ ಒಂದು ಹಕ್ಕಿಗೆ ಆ ಮಾತನ್ನು ಕಲಿಸುತ್ತಿದ್ದಾಗಲೇ, ಅದೇ ಕೋಣೆಯಲ್ಲಿ ಇನ್ನೊಂದು ಪ್ರಾಣಿ ಆ ಮಾತನ್ನು ಮರೆಯುತ್ತಿತ್ತು.

"ಸರ್, ಅನ್ನ ಬರದೇ ಇದ್ದಾಗ ನಾಯಿಗೆ ಬೇಜಾರಾಗುತ್ತಾ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಪುಸ್ತಕದಲ್ಲಿ ಕೊಟ್ಟಿಲ್ಲ," ಎಂದರು ಮೇಷ್ಟ್ರು. ಗೆರೆಯನ್ನು ಪೂರ್ತಿ ಮಾಡದೆ ಅಳಿಸಿದರು.

ಭಾನುವಾರ ಚದುರಂಗಕ್ಕೆ ಬರುತ್ತಿದ್ದ ಒಬ್ಬ ಗೆಳೆಯ ಅವರಿಗಿದ್ದ, ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವನು. ಇಬ್ಬರೂ ಮಾತಿಲ್ಲದೆ ಆಡುವುದು ಪದ್ಧತಿ. ಆ ಭಾನುವಾರ ಮೇಷ್ಟ್ರು ಆನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ಬೀಜ ನಿಲ್ಲಿಸ್ತೀನಿ. ಪೂರ್ತಿ ನಿಲ್ಲಿಸ್ತೀನಿ. ಈ ಭಿಕ್ಷೆ ಕೂಗು ಸಾಯಲಿ. ಆಮೇಲೆ ಚಿಲಕದ ಸದ್ದಿಗೆ ಅಂದ್ರೆ ಮಾತ್ರ, ಕೆಮ್ಮಿನ ಸಮೇತ ಅಂದ್ರೆ ಮಾತ್ರ ಕೊಡ್ತೀನಿ. ಹಳೇದು ವಾಪಸ್ ಬರುತ್ತೆ."

"ಬರದಿದ್ರೆ?"

"ಬರಬೇಕು. ಆದ್ರೆ ಒಂದು ತೊಂದರೆ. ನಿಲ್ಲಿಸಿದ ಕೂಡಲೇ ಆರಲ್ಲ. ಆರೋಕೆ ಮೊದಲು ಭುಗಿಲ್ ಅಂತ ಎದ್ದೇಳುತ್ತೆ. ಆಗ ತಿರುಗಿ ನೋಡಿದ್ರೆ ಕೆಟ್ಟೆವು. ಕಿರುಚಿದ್ರೆ ಸಿಗುತ್ತೆ ಅಂತ ಕಲಿತುಬಿಡುತ್ತೆ."

ಕಾಲೇಜಿಗೆ ರಜೆ ಬಂದ ಮೊದಲ ದಿನ ಬೆಳಿಗ್ಗೆ ಮೇಷ್ಟ್ರು ಬೀಜದ ಡಬ್ಬಿಯನ್ನು ಕತ್ತರಿಯಮ್ಮನ ಅಂಗಡಿಯಲ್ಲಿಟ್ಟು ಬಂದರು. ಹಕ್ಕಿಗೆ ಅದರ ಎಂದಿನ ಹಣ್ಣು, ಕಾಳು, ನೀರು ಹಾಕಿದರು. ಪಂಜರಕ್ಕೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕುಳಿತರು. ಪುಸ್ತಕ ಹಿಡಿದಿದ್ದರು, ಹಾಳೆ ಮಗುಚಲಿಲ್ಲ.

ದೊರೆ ಕರೆಯಿತು. ಉತ್ತರವಿಲ್ಲ. ಮತ್ತೆ ಕರೆಯಿತು. ಆಮೇಲೆ ಬಿಡುವಿಲ್ಲದೆ ಕರೆಯಿತು, ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ, ಕಂಬಿಯನ್ನು ಕಚ್ಚಿ ಅಲುಗಾಡಿಸುತ್ತ. ಅವಸರದ ಕೂಗು ಪ್ರಯೋಜನಕ್ಕೆ ಬರದಿದ್ದಾಗ ಅದು ಬೇರೆ ಬೇರೆ ಬಗೆಯಲ್ಲಿ ಪ್ರಯತ್ನಿಸತೊಡಗಿತು. ಎಳೆದು ನೋಡಿತು. ಮೆಲ್ಲಗೆ ಅಂದು ನೋಡಿತು. ಕೆಮ್ಮು ತಿರುಗಿ ಬಂತು. ಆ ಕೆಮ್ಮು ಕೇಳಿದಾಗ ಮೇಷ್ಟ್ರ ಕತ್ತು ತಿರುಗಲು ಹೊರಟಿತು. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು. ಸತ್ತ ಹೆಂಡತಿ ಬೆನ್ನ ಹಿಂದೆ ನಿಂತು ಒಂದೇ ಸಮನೆ ಕರೆಯುತ್ತಿದ್ದಾಳೆ, ನಾನು ಗೋಡೆ ನೋಡುತ್ತಿದ್ದೇನೆ. ಪಾಠದ ಭಾಷೆಯಲ್ಲಿ ಇದಕ್ಕೆ ಬೇರೆ ಹೆಸರಿತ್ತು. ಆ ಹೊತ್ತಿನಲ್ಲಿ ಆ ಹೆಸರು ಅವರಿಗೆ ನೆನಪಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸ ಮಾತುಗಳು ಬಂದವು. ಹೊಸವಲ್ಲ, ಹಳೆಯವು. ಈಗ ಕಲಿತದ್ದಕ್ಕೆ ಬೆಲೆ ಸಿಗದಿದ್ದಾಗ ಪ್ರಾಣಿ ಹಿಂದೆಂದೋ ಕಲಿತದ್ದನ್ನೆಲ್ಲ ಹೊರತೆಗೆದು ಒಡ್ಡುತ್ತದೆ ಎಂದು ಅವರೇ ಪಾಠ ಮಾಡಿದ್ದರು. ಹಾಲು ಉಕ್ಕಿದಾಗಿನ "ಅಯ್ಯಯ್ಯೋ" ಬಂತು. ಮೆಟ್ಟಿಲ ಕೆಳಗಿನ ಕತ್ತರಿಯಮ್ಮನನ್ನು ಕರೆಯುವ "ಏನ್ರೀ, ಇದೀರಾ?" ಬಂತು. ಆಮೇಲೆ ಒಂದು ಕೆಮ್ಮು, ತೀರ ತಗ್ಗಿದ ದನಿಯಲ್ಲಿ, ಪಕ್ಕದಲ್ಲೇ ಕುಳಿತವರೊಡನೆ ಮಾತಾಡುವಂತೆ:

"ಇವತ್ತೂ ಯಾರೂ ಬರಲಿಲ್ಲ ನೋಡು ದೊರೆ. ಅವರು ಬರ್ತಾರೆ. ಬಂದು ಓದ್ತಾರೆ."

ಈ ಮಾತನ್ನು ಮೇಷ್ಟ್ರು ಎಂದೂ ಕೇಳಿರಲಿಲ್ಲ. ಕೇಳುವ ಸಾಧ್ಯತೆಯೇ ಇರಲಿಲ್ಲ, ಅದು ಅವರಿಲ್ಲದ ಹೊತ್ತಿನ ಮಾತು. ಹಕ್ಕಿ ಕಲಿಯುವಷ್ಟು ಸಲ ಆಡಿದ ಮಾತು.

ತಿರುಗಿ ಒಂದು ಬೀಜ ಕೊಟ್ಟರೆ ಇದೂ ಉಳಿಯುತ್ತದೆ. ಉಳಿದು, ನಾಳೆಯಿಂದ ಜೇಬು ಕಂಡಾಗ, ಚಹಾ ಕುದಿಯುವಾಗ, ಹಗಲೆಲ್ಲ ಅದೇ ಆಗುತ್ತದೆ. ಗಾಡಿಯ ಮೇಲೆ ಮಾರುವವರ ಕೂಗಾಗುತ್ತದೆ. ಕೊಡದಿದ್ದರೆ ಇದು ಮುಗಿಯಿತು. ಎರಡೂ ಅವರಿಗೆ ಬಿಡಿಸಿ ಬರೆದಿಟ್ಟಷ್ಟು ಸ್ಪಷ್ಟವಾಗಿತ್ತು. ಅವರು ತಿರುಗಲಿಲ್ಲ. ದೊರೆ ಇನ್ನೊಮ್ಮೆ, ಅರ್ಧ ಮಾತ್ರ ಅಂದಿತು: "ಯಾರೂ ಬರಲಿಲ್ಲ ನೋಡು." ಆಮೇಲೆ ಆ ಮಾತನ್ನು ಅದು ಮತ್ತೆಂದೂ ಆಡಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಎಲ್ಲ ಮಾತೂ ನಿಂತಿತ್ತು.

"ವಿಧಾನ ಸರಿಯಾಗೇ ಇತ್ತು," ಎಂದರು ಮೇಷ್ಟ್ರು ಚದುರಂಗದ ಮಣೆಯ ಮುಂದೆ. ನಡೆದದ್ದನ್ನೆಲ್ಲ ಗೆಳೆಯನಿಗೆ ಹೇಳಿಯಾಗಿತ್ತು. "ಕೆಲಸ ಮಾಡ್ತು."

"ಈಗ ಚಿಲಕ ಹಾಕಿದಾಗ?"

"ಸುಮ್ಮನಿರುತ್ತೆ. ನನ್ನನ್ನ ನೋಡುತ್ತೆ." ಕಾಯಿ ನಡೆಸಲು ಹೋಗಿ ಬಿಟ್ಟರು. "ನಾನು ತಿರುಗಬೇಕಿತ್ತಾ?"

ಅಚ್ಚಿನ ತಪ್ಪು ಹಿಡಿಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಗೆಳೆಯನಿಗೆ ಇದರಲ್ಲಿ ತಪ್ಪು ಯಾವುದು, ಸರಿ ಯಾವುದು ಎಂದು ಗೊತ್ತಾಗಲಿಲ್ಲ. ಅವರು ಚಿಲಕದ ಸದ್ದಿಗೆ ಬೀಜ ಕೊಟ್ಟು ಮತ್ತೆ ಕಲಿಸುವ ಎರಡನೆಯ ಭಾಗಕ್ಕೆ ಕೈ ಹಾಕುತ್ತಾರೆಂದು ಅವನು ಎಣಿಸಿದ್ದ. ಹಾಗಾಗಲಿಲ್ಲ. ಕಾಲೇಜು ಶುರುವಾದ ದಿನ ಬೆಳಿಗ್ಗೆ ಮೇಷ್ಟ್ರು ಪಂಜರವನ್ನು ಎತ್ತಿಕೊಂಡು, ಒಂದು ಕೈಗೆ ಕೊಡೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಅಂಗಡಿಗೆ ಹೋದರು.

"ಇದನ್ನ ಹಗಲು ಹೊತ್ತು ಇಲ್ಲಿ ಇಡಬಹುದಾ? ಮೇಲೆ ಒಂದೇ ಇರುತ್ತೆ."

"ಕಚ್ಚುತ್ತಾ?" ಎಂದರು ಕತ್ತರಿಯಮ್ಮ.

"ನನ್ನನ್ನ ಕಚ್ಚುತ್ತೆ."

"ಹಾಗಾದ್ರೆ ಬುದ್ಧಿ ಇದೆ. ಇಡಿ." ಅವರು ಪಂಜರವನ್ನು ಕನ್ನಡಿಯ ಪಕ್ಕಕ್ಕೆ ನೇತುಹಾಕಿದರು. "ನೋಡಿ ಮೇಷ್ಟ್ರೇ, ಇಲ್ಲಿ ದಿನವಿಡೀ ಗಲಾಟೆ. ಅಂಗಡಿ ಮಾತೇ ಕಲಿಯುತ್ತೆ. ಅವರದ್ದು ಏನಾದ್ರೂ ಉಳಿದಿದ್ರೆ ಅದೂ ಹೋಗಿಬಿಡುತ್ತೆ."

"ಗೊತ್ತು," ಎಂದರು ಮೇಷ್ಟ್ರು. "ಹೋಗಲಿ. ಅದಕ್ಕೆ ಜನ ಬೇಕು."

ಸಂಜೆ ಹಕ್ಕಿಯನ್ನು ಒಯ್ಯಲು ಬಂದವರು ಗಿರಾಕಿಗಳ ಬೆಂಚಿನ ಮೇಲೆ ಕುಳಿತರು. ಮರುದಿನವೂ ಕುಳಿತರು. ಕೂದಲು ಹೆಚ್ಚಿಲ್ಲದ ಅವರು ಅಂಗಡಿ ಮುಚ್ಚುವವರೆಗೂ ಹಳೆಯ ಪತ್ರಿಕೆ ಹಿಡಿದು ಕುಳಿತಿರುವುದು ಬೀದಿಯ ತಮಾಷೆಯಾಯಿತು. "ಮೇಷ್ಟ್ರು ಕೂದಲು ಬೆಳೆಯೋದನ್ನ ಕಾಯ್ತಿದ್ದಾರೆ," ಎನ್ನುತ್ತಿದ್ದರು. ಕೆಲವು ವಾರಗಳ ಮೇಲೆ, ಅಂಚೆಯವನು ಗಡ್ಡ ಹೆರೆಸಿಕೊಳ್ಳಲು ಬಾಗಿಲು ತಳ್ಳಿ ಒಳಗೆ ಬಂದಾಗ ಕನ್ನಡಿಯ ಪಕ್ಕದಿಂದ ಒಂದು ಸಣ್ಣ ಕೆಮ್ಮು ಕೇಳಿತು.

"ಬಂದ್ರಾ?"

ಎಳೆತ ಇತ್ತು, ಕೊನೆಯ ಏರೂ ಇತ್ತು. ಕತ್ತರಿಯಮ್ಮನ ಕೈ ನಿಂತಿತು.

"ಹೂಂ, ಬಂದೆ," ಎಂದ ಅಂಚೆಯವನು, ಯಾರು ಕೇಳಿದರೆಂದು ನೋಡದೆಯೇ, ಚೀಲ ಗೂಟಕ್ಕೆ ಹಾಕುತ್ತ. "ಎಷ್ಟು ಜನ ಇದಾರೆ ನನಗಿಂತ ಮುಂದೆ?"

ಮೇಷ್ಟ್ರು ಪತ್ರಿಕೆ ತಗ್ಗಿಸಲಿಲ್ಲ. ಅದರ ಅಂಚು ಮಾತ್ರ ಸ್ವಲ್ಪ ಅಲುಗಿತು. ಆಮೇಲೆ ಬಂದ ಮುದುಕನೂ "ಬಂದೆನಪ್ಪ" ಎಂದ. ಅವನ ಹಿಂದೆ ಬಂದ ಹೆಂಗಸು "ಬಂದೆ, ಬೇಗ ಹೋಗ್ಬೇಕು," ಎಂದಳು. ಯಾರೂ ಬೀಜ ಕೊಡಲಿಲ್ಲ. ಆರಿದ್ದು ಒಮ್ಮೊಮ್ಮೆ ತಾನಾಗಿ ಮತ್ತೆ ಚಿಗುರುತ್ತದೆ ಎಂದು ಶಾಸ್ತ್ರದಲ್ಲಿತ್ತು. ಆದರೆ ಅದನ್ನು ಉಳಿಸಲು ಮೇಷ್ಟ್ರು ಮತ್ತೆ ಏನೂ ಮಾಡಲಿಲ್ಲ. ಅವರಿಗೆ ಮಾತ್ರ ಹಕ್ಕಿ ಒಂದು ಸಲವೂ "ಬಂದ್ರಾ" ಎನ್ನಲಿಲ್ಲ. ಅವರು ಬಂದಾಗ ದೊರೆ ಸುಮ್ಮನಿರುತ್ತಿತ್ತು, ಬೆನ್ನು ಮಾಡಿದವರನ್ನು ಕರೆದು ಫಲವಿಲ್ಲವೆಂದು ಕಲಿತದ್ದರಿಂದ. ಪಾಠ ಗಟ್ಟಿಯಾಗಿ ನಿಂತಿತ್ತು. ಕೆಲವು ತಿಂಗಳ ಮೇಲೆ ಹಕ್ಕಿ ರಾತ್ರಿಯೂ ಅಂಗಡಿಯಲ್ಲೇ ಉಳಿಯತೊಡಗಿತು. ಅಂಗಡಿಯ ಷಟರ್ ಎಳೆದ ಮೇಲೆ ಮೇಷ್ಟ್ರು ಒಬ್ಬರೇ ಮಹಡಿ ಹತ್ತುತ್ತಿದ್ದರು.

ಹೀಗೆ ಅವರು ಇನ್ನೂ ಕೆಲವು ವರ್ಷ ಬದುಕಿದರು. ನಿವೃತ್ತಿಯ ದಿನ ವಿದ್ಯಾರ್ಥಿಗಳು ಕೊಟ್ಟ ಬಹುಮಾನದ ಬಟ್ಟಲನ್ನು ನೋಡಿ, ತಾನು ಇಷ್ಟು ದಿನ ಯಾಕೆ ಬರುತ್ತಿದ್ದೆನೆಂದು ಈಗ ಗೊತ್ತಾಯಿತು ಎಂದು ಎಲ್ಲರನ್ನೂ ನಗಿಸಿದರಂತೆ. ಹೋದ ಚಳಿಗಾಲದಲ್ಲಿ ಒಂದು ಸಂಜೆ ಬೆಂಚು ಖಾಲಿ ಇದ್ದದ್ದನ್ನು ನೋಡಿ ಕತ್ತರಿಯಮ್ಮ ಮೇಲೆ ಹೋದರು. ಮೇಷ್ಟ್ರು ಕುರ್ಚಿಯಲ್ಲಿದ್ದರು. ಪುಸ್ತಕ ಮಡಿಲಲ್ಲಿತ್ತು.

ಎಲ್ಲ ಮುಗಿದು ಅಕ್ಕ ಮನೆಗೆ ಬೀಗ ಹಾಕಿದ ಮೇಲೆ, ಪ್ರೂಫ್ ತಿದ್ದುವ ಗೆಳೆಯ ಒಂದು ಭಾನುವಾರ ಅಂಗಡಿಗೆ ಹೋದ. ಹೋಗಿ ಅದೇ ಬೆಂಚಿನ ಮೇಲೆ ಕುಳಿತ. ದೊರೆ ಚೆನ್ನಾಗಿತ್ತು, ಬಾಯಿತುಂಬ ಮಾತಾಡುತ್ತಿತ್ತು. "ಬಂದ್ರಾ?" ಎಂದಿತು. ಕತ್ತರಿಯಮ್ಮನ ದನಿಯಲ್ಲಿ "ಬ್ಲೇಡು ಕೊಡಿ" ಎಂದಿತು. ಅಂಚೆಯವನ ಹಾಗೆ ಸಿಳ್ಳೆ ಹಾಕಿತು. ಕೂದಲು ಕತ್ತರಿಸಲು ಬಂದ ಯಾವುದೋ ಮಗುವಿನ ಅಳುವನ್ನೂ ಅತ್ತು ತೋರಿಸಿತು. ಗೆಳೆಯ ಕಾದ. ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಎದ್ದುಹೋದರು.

"ಮೇಷ್ಟ್ರದೊಂದು ಮಾತೂ ಇಲ್ಲ," ಎಂದರು ಕತ್ತರಿಯಮ್ಮ, ಕೇಳದೆಯೇ. "ನಾನೂ ಕಾದು ನೋಡಿದೆ."

"ಇಷ್ಟು ವರ್ಷ ಇದರ ಜೊತೆಗೇ ಇದ್ರಲ್ಲ."

"ಇದ್ರು. ಬಾಯಿ ಬಿಟ್ಟಿದ್ರೆ ತಾನೆ ಅದು ಕಲಿಯೋದು." ಅವರು ಕುರ್ಚಿಯ ಬಟ್ಟೆ ಕೊಡವಿದರು. "ಬನ್ನಿ, ಕೂತ್ಕೊಳಿ. ಬಂದಿದ್ದೀರಿ, ಹಿಂದೆ ಸ್ವಲ್ಪ ಸರಿ ಮಾಡ್ತೀನಿ."

ಗೆಳೆಯನಿಗೆ ಕ್ಷೌರ ಬೇಕಿರಲಿಲ್ಲ. ಆದರೂ ಹೋಗಿ ಕುಳಿತ. ಕತ್ತರಿಯಮ್ಮ ಅವನ ಕೊರಳ ಸುತ್ತ ಬಟ್ಟೆ ಕಟ್ಟಿ, ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದರು.